ಟಿಟ್ಟಿಭ ನೆಲದ ಮೇಲೆ ಮೊಟ್ಟೆಯಿಟ್ಟದ್ದು

ಲೋಕವಿನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಮರಗಳೇ ಹಕ್ಕಿಗಳನ್ನು ಕರೆದು ಗೂಡಿಗೆ ಕೊಂಬೆ ಕೊಡುತ್ತಿದ್ದವು, ಮಗು.

ಟಿಟ್ಟವ್ವ ಎಂಬ ಟಿಟ್ಟಿಭ ಹಕ್ಕಿಗೆ ಮೊಟ್ಟೆಯಿಡುವ ಹೊತ್ತು ಹತ್ತಿರ ಬಂತು. ಗಂಡ ಟಿಟ್ಟಪ್ಪ ಅವಳನ್ನು ಬೇವಿನ ಮರಕ್ಕೆ ಕರೆದುಕೊಂಡು ಹೋದ. ಕೂತಳು, ಎದ್ದಳು. "ಇಲ್ಲಿ ಗಾಳಿಯೇ ಕಹಿ," ಎಂದಳು.

"ಹೋಗೇ ಗೊಣಗವ್ವ," ಎಂದಿತು ಬೇವು.

ಹುಣಸೆ ಮರದಲ್ಲೂ ಕೂತಳು, ಎದ್ದಳು. "ಎಲೆ ಉದುರಿ ಕಣ್ಣಿಗೆ ಬೀಳುತ್ತೆ." ಹುಣಸೆ ಅವಳಿಗೆ ಪಿರಿಪಿರಿ ಎಂದು ಹೆಸರಿಟ್ಟಿತು.

ಆಲದ ಮರದಲ್ಲೂ ಕೂತಳು, ಎದ್ದಳು. "ಈ ಹಕ್ಕಿಗಳ ಗದ್ದಲದಲ್ಲಿ ಮಕ್ಕಳು ನಿದ್ದೆ ಮಾಡೋದು ಹೇಗೆ?"

"ನಿನ್ನ ಗದ್ದಲದ ಮುಂದೆ ಇದ್ಯಾವ ಲೆಕ್ಕ, ರಗಳೆರಂಗಿ?" ಎಂದಿತು ಆಲ.

ಗಾಳಿ ಆ ಹೆಸರುಗಳನ್ನೆಲ್ಲ ಕಾಡಿಡೀ ಹೊತ್ತು ತಿರುಗಿತು. ಆಮೇಲೆ ಅವಳನ್ನು ಕಂಡರೆ ಸಾಕು, ಮರಗಳು ಕೊಂಬೆ ಒದರಿ ಓಡಿಸತೊಡಗಿದವು.

"ನಾನೇನು ಬೇಕಂತ ಗೊಣಗ್ತೀನಾ?" ಎಂದಳು ಟಿಟ್ಟವ್ವ. "ಎಲ್ಲಿ ಕೂತರೂ ಮಕ್ಕಳಿಗೆ ಏನಾಗುತ್ತೋ ಅನ್ನಿಸುತ್ತೆ. ಜೀವ ನಿಲ್ಲೋದಿಲ್ಲ."

"ಗೊತ್ತು ಕಣೇ," ಎಂದ ಟಿಟ್ಟಪ್ಪ.

ಇನ್ನು ಹುಡುಕಲು ಹೊತ್ತಿರಲಿಲ್ಲ. ಹೊಳೆದಂಡೆಯ ಕಲ್ಲುಗಳ ನಡುವೆ ಬೆಳ್ಳನೆಯ ಮೊಟ್ಟೆಗಳನ್ನಿಟ್ಟಳು. ಇಟ್ಟ ಕೂಡಲೇ ಶುರು: "ನೆಲ ಕಾದಿದೆ. ಕಲ್ಲು ಒತ್ತುತ್ತೆ. ಚೂರೂ ನೆರಳಿಲ್ಲ."

"ಗೊಣಗು ತಾಯಿ," ಎಂದಿತು ಒಂದು ಮುದಿ ಕಲ್ಲು. "ಈ ಹೊಳೆ ಹುಟ್ಟಿದಾಗಿನಿಂದ ನಮ್ಮ ಮೇಲೆ ಗೊಣಗುತ್ತಲೇ ಹರೀತಿದೆ. ನಮಗೆ ಬೇಜಾರಿಲ್ಲ."

ಅಷ್ಟರಲ್ಲಿ ನರಿ ಬಂತು. ಬೆಳ್ಳನೆಯ ಮೊಟ್ಟೆಗಳು ದೂರಕ್ಕೇ ಹೊಳೆಯುತ್ತಿದ್ದವು. ಟಿಟ್ಟವ್ವನಿಗೆ ಕೂರಲಾಗಲಿಲ್ಲ. ಅವು ನರಿಯ ಕಣ್ಣಿಗೆ ಬೀಳುವ ಮೊದಲೇ ದಂಡೆಯ ಆ ತುದಿಗೆ ಹಾರಿ, ನೆಲದ ಬಿಸಿ, ಕಲ್ಲಿನ ಒತ್ತು, ಮರಗಳ ಬೈಗುಳ ಎಲ್ಲವನ್ನೂ ಒಂದೇ ಉಸಿರಿಗೆ ಕಿರುಚಿದಳು.

ಗೂಡು ಅಲ್ಲೇ ಇರಬೇಕೆಂದು ನರಿ ಅತ್ತ ಓಡಿತು. ಇತ್ತ ಕಲ್ಲುಗಳು ಮೆಲ್ಲಗೆ ಉರುಳಿ ಮೊಟ್ಟೆಗಳಿಗೆ ಮೈ ಒತ್ತಿದವು. ತಮ್ಮ ಮಣ್ಣುಬಣ್ಣವನ್ನೂ ಕಪ್ಪು ಚುಕ್ಕೆಗಳನ್ನೂ ಅವುಗಳಿಗೆ ಉಜ್ಜಿದವು.

ನರಿ ವಾಪಸು ಬಂದು ಮೂಸಿತು, ನೋಡಿತು. ಬರೀ ಕಲ್ಲು. ಬಾಲ ಇಳಿಬಿಟ್ಟು ಹೊರಟುಹೋಯಿತು.

"ಇನ್ನಾದರೂ ಕೂತ್ಕೋ," ಎಂದ ಟಿಟ್ಟಪ್ಪ.

"ಅದು ಮತ್ತೆ ಬಂದರೆ?" ಎನ್ನುತ್ತ ಟಿಟ್ಟವ್ವ ಆಗಲೇ ರೆಕ್ಕೆ ಬಿಚ್ಚಿದ್ದಳು.

ಅದಕ್ಕೇ ಇವತ್ತಿಗೂ ನೀನು ಹೊಳೆದಂಡೆಯಲ್ಲಿ ನಡೆದರೆ ಟಿಟ್ಟಿಭ ನಿನ್ನ ತಲೆಯ ಮೇಲೆ ಸುತ್ತಿ ಸುತ್ತಿ ಕಿರುಚುತ್ತದೆ. ಆಗ ಕಾಲು ಮೆಲ್ಲಗಿಡು ಮಗು, ನೀನು ಕಲ್ಲು ಅಂದುಕೊಂಡದ್ದು ಅವಳ ಮೊಟ್ಟೆಯಾಗಿರಬಹುದು.