ಒಲ್ಲೆವ್ವನ ಬಂಡೆ

ಸುಂಡೇಹಳ್ಳಿ ದಾಟಿ ಕರಡಿಗುಡ್ಡದ ಬುಡಕ್ಕೆ ಬಂದರೆ ಬಸ್ಸಿನ ಕಂಡಕ್ಟರು ಈಗಲೂ ‘ಒಲ್ಲೆವ್ವನ ಬಂಡೆ, ಯಾರ್ರೀ ಇಳಿಯೋರು’ ಎಂದೇ ಕೂಗುತ್ತಾನೆ. ಇಳಿದವರಿಗೆ ಎದುರಿಗೇ ಬಂಡಿ ಸಿಸ್ಟರುಗಳ ಮಠ ಕಾಣುತ್ತದೆ. ದಿಕ್ಕಿಲ್ಲದ ಮುದುಕ ಮುದುಕಿಯರನ್ನು ಸಾಕುವ ಕಲ್ಲುಕಟ್ಟಡ ಅದು. ಕಟ್ಟಡವೇನೋ ನೆಟ್ಟಗಿದೆ, ಮುಂದಿನ ಜಗಲಿ ಮಾತ್ರ ಕುಡಿದವನ ಕಾಲಿನಂತೆ ಪಕ್ಕಕ್ಕೆ ಸೊಟ್ಟ ತಿರುಗಿ, ಅಂಗಳದ ಒಂದು ಕರಿಬಂಡೆಗೆ ಹೆಂಚು ಹೊದಿಸಿ ನಿಂತಿದೆ. ಪಟ್ಟಣದಿಂದ ಬಂದವರು ಆ ಬಂಡೆಗೆ ಕೈಮುಗಿಯುತ್ತಾರೆ. ಕೆಲವರು ಅರಿಶಿನ ಕುಂಕುಮ ಇಡುತ್ತಾರೆ, ಕೆಲವರು ಮೇಣದ ಬತ್ತಿ ಅಂಟಿಸುತ್ತಾರೆ. ಹೋದ ವರ್ಷ ಒಬ್ಬ ಹೆಂಗಸು ಮದುವೆಯಾಗದ ಮಗಳನ್ನು ಕರೆತಂದು ಸುತ್ತು ಹಾಕಿಸಿದಳಂತೆ. ಎಂಥ ಬುದ್ಧಿ! ಒಲ್ಲೆವ್ವ ಊರದೇವತೆಯೂ ಅಲ್ಲ, ಚರ್ಚಿನ ಸಂತಳೂ ಅಲ್ಲ. ಅವಳು ಬಾಯಿ ತೆರೆದರೆ ಆ ಸುತ್ತಿನಲ್ಲಿ ಕಾಗೆ ಕೂರುತ್ತಿರಲಿಲ್ಲ ಎನ್ನುತ್ತಾರೆ. ಇನ್ನು ಅವಳ ಸಂಸಾರದ ಕಥೆ ಕೇಳಿದ್ದರೆ ಆ ಹುಡುಗಿ ಅಲ್ಲಿಂದಲೇ ಓಡಿಹೋಗುತ್ತಿದ್ದಳು.

ಹಿಂದೆ ಒಮ್ಮೆ, ಮಹಾರಾಜರ ಕಾಲದಲ್ಲಿ, ಈ ಸೀಮೆಗೆ ಮೋಟಾರು ಕಾಲಿಡುವ ಮುಂಚೆ, ಮೂವರು ಕನ್ಯಾಸ್ತ್ರೀಯರು ಒಂದು ಒಂಟೆತ್ತಿನ ಬಂಡಿಯ ಹಿಂದೆ ನಡೆದುಕೊಂಡು ಬಂದು ಗುಡ್ಡದ ಬುಡದಲ್ಲಿ ಮಣ್ಣಿನ ಮನೆ ಹಾಕಿದರು. ಅವರಲ್ಲಿ ಹಿರಿಯಳು ಆಗ್ನೆಸಮ್ಮ. ಮೂಗು ಚೂಪು, ನಡಿಗೆ ಅದಕ್ಕಿಂತ ಚೂಪು. ಹೊಲ ಗದ್ದೆ ಮಾಡಬಾರದು, ಬಡವರಿಗಾಗಿ ಬೇಡಿ ತರಬೇಕು, ಬಂಡಿಗೆ ಯಾರು ಏನು ಹಾಕಿದರೂ ಒಲ್ಲೆ ಅನ್ನಬಾರದು, ಇದು ಅವರ ನೇಮ. ಸುಂಡೇಹಳ್ಳಿಯವರಿಗೆ ಇಂಥ ನೇಮ ಸಿಕ್ಕಿದರೆ ಬಿಡುತ್ತಾರೆಯೇ? ಒಡೆದ ಮಡಕೆ ಹಾಕಿದರು, ಹುಳ ಹಿಡಿದ ಅವರೆ ಹಾಕಿದರು, ಕಜ್ಜಿ ನಾಯಿಯೊಂದನ್ನು ಹಗ್ಗ ಸಮೇತ ಹಾಕಿದರು. ಎಲ್ಲಕ್ಕೂ ಆಗ್ನೆಸಮ್ಮ ‘ದೇವರು ಒಳ್ಳೇದು ಮಾಡಲಿ’ ಎಂದು ಕೈಮುಗಿದು ಮುಂದಿನ ಮನೆಗೆ ಹೋಗುತ್ತಿದ್ದಳು. ಆ ವಿನಯ ನೋಡಿ ಊರಿಗೆ ಇನ್ನಷ್ಟು ಉರಿ. ಸಾಕಿಕೊಂಡ ಮುದುಕರ ಕೊಬ್ಬಿನಿಂದಲೇ ಇವರು ಮೇಣದ ಬತ್ತಿ ಮಾಡುತ್ತಾರೆ ಎಂದು ಹಬ್ಬಿಸಿದವರೂ ಇದ್ದರು. ಆ ಮುದುಕರ ಮೈಮೇಲೆ ಬೆರಳುದ್ದದ ಬತ್ತಿಗಾಗುವಷ್ಟು ಕೊಬ್ಬು ಇತ್ತೇ ಎಂದು ಒಬ್ಬರೂ ಯೋಚಿಸಲಿಲ್ಲ.

ಆಗ ಊರಿಗೆ ಪಟೇಲ ಕಾಳಿಂಗೇಗೌಡ. ಅವನ ಹೆಂಡತಿ ನಿಂಗಾಜಮ್ಮ. ಅವಳಿಗೆ ಮಕ್ಕಳಾಗಲಿಲ್ಲ ಎಂಬ ನೆಪ ಹಿಡಿದು, ತಲೆ ನೆರೆತ ಮೇಲೆ, ಪಟೇಲ ಚೆಲುವಾಜಿ ಎಂಬವಳನ್ನು ಕೂಡಿಕೆ ಮಾಡಿಕೊಂಡು ಎರಡನೆಯ ಹೆಂಡತಿಯಾಗಿ ಮನೆಗೆ ತಂದ. ಹೆಸರಿಗೆ ತಕ್ಕ ಹಾಗೆ ಚೆಲುವೆಯೇ. ಆದರೆ ಅವಳ ಸೋದರಮಾವನ ಮಗನೊಬ್ಬ ವಾರಕ್ಕೊಮ್ಮೆ ಬೆಲ್ಲ ಮಾರುವ ನೆಪದಲ್ಲಿ ಬಂದು ಹೋಗುತ್ತಿದ್ದುದು ಕೊಟ್ಟಿಗೆಯ ಕರುವಿಗೂ ಗೊತ್ತಿತ್ತು. ನಿಂಗಾಜಮ್ಮ ಅದನ್ನು ಬಾವಿಕಟ್ಟೆಯಲ್ಲಿ ನಿಂತು ಹಾಡಿದಂತೆ ಹೇಳುತ್ತಿದ್ದಳು. ಒಂದು ಬೆಳಿಗ್ಗೆ ಬಂಡಿ ಪಟೇಲನ ಬಾಗಿಲಿಗೆ ಬಂತು. ಚೆಲುವಾಜಿ ಕುಂಬಳಕಾಯಿಗಳನ್ನು ಹೇರಿಸುತ್ತಾ ಕೇಳಿದಳು: ‘ಏನ್ ಹಾಕಿದ್ರೂ ತಕ್ಕೊಂಡು ಹೋಗ್ತೀರಂತೆ, ಹೌದೇನಮ್ಮ?’ ‘ಹೌದು ತಾಯಿ’ ಎಂದಳು ಆಗ್ನೆಸಮ್ಮ. ಚೆಲುವಾಜಿ ಜಗಲಿಯ ಕಡೆ ತಿರುಗಿ, ‘ಕೇಳಿಸ್ತಾ?’ ಎಂದಳು. ಪಟೇಲ ಎಲೆಯಡಿಕೆ ಉಗಿದು ನಕ್ಕ. ‘ಹಾಕು ಮತ್ತೆ. ಹಳೇದು ಮನೇಲಿ ಯಾಕೆ?’

ಆಳುಗಳಿಬ್ಬರು ನಿಂಗಾಜಮ್ಮನನ್ನು ಕೂತ ಚಾಪೆ ಸಮೇತ ಎತ್ತಿ ಬಂಡಿಯ ಮೇಲಿಟ್ಟರು. ಅವಳು ಒದ್ದಾಡಲಿಲ್ಲ, ಕೂಗಲಿಲ್ಲ. ಇಡೀ ಊರು ಬಾಗಿಲಲ್ಲಿ ನಿಂತು ಅವಳ ಬಾಯಿಗಾಗಿ ಕಾದಿತ್ತು. ಅವಳ ಬಾಯಿ ಅವತ್ತೇ ಕಟ್ಟಿತು. ಯಾಕೆಂದರೆ ಬಂಡಿ ಅರಳಿಕಟ್ಟೆ ದಾಟುವುದರೊಳಗೆ ಗಂಡ ‘ಬಾರಮ್ಮಿ, ಸಾಕು ಆಟ’ ಎಂದು ಕೂಗೇ ಕೂಗುತ್ತಾನೆ ಎಂದು ಅವಳು ಕಿವಿ ನೆಟ್ಟು ಕೂತಿದ್ದಳು. ಅರಳಿಕಟ್ಟೆ ದಾಟಿತು, ಕೆರೆ ಏರಿ ದಾಟಿತು. ಹಿಂದಿನಿಂದ ನಾಯಿಯೂ ಬೊಗಳಲಿಲ್ಲ. ಅಷ್ಟು ದಾರಿಯಲ್ಲಿ ಆಗ್ನೆಸಮ್ಮನೂ ಅವಳನ್ನು ಒಂದು ಮಾತು ಕೇಳಲಿಲ್ಲ. ಕೊಟ್ಟದ್ದು ದೇವರು ಕೊಟ್ಟದ್ದು ಎಂದು ಶಿಲುಬೆಯ ಗುರುತು ಮಾಡಿಕೊಂಡು ಎತ್ತಿನ ಹಿಂದೆ ನಡೆದಳು.

ಗುಡ್ಡದ ಬುಡದಲ್ಲಿ ಮೊದಲು ಕುಂಬಳಕಾಯಿ ಇಳಿಸಿದರು, ಆಮೇಲೆ ನಿಂಗಾಜಮ್ಮನನ್ನು ಇಳಿಸಿ ಒಳಗೆ ಕೂರಿಸಿದರು. ಬೆನ್ನು ತಿರುಗಿಸುವಷ್ಟರಲ್ಲಿ ಅವಳು ಎದ್ದು ಬಂದು ಅಂಗಳದ ಬಂಡೆಯ ಮೇಲೆ, ಊರ ದಾರಿಗೆ ಮುಖ ಮಾಡಿ ಕೂತಿದ್ದಳು. ಅಲ್ಲಿಂದ ಪಟೇಲನ ಮನೆಯ ಹೆಂಚು ಕಾಣುತ್ತಿತ್ತು. ಗಂಡ ಬರಬೇಕು, ಊರೆಲ್ಲ ನೋಡುವಂತೆ ಬಾಯಿಬಿಟ್ಟು ‘ಬಾ’ ಅನ್ನಬೇಕು, ಅಲ್ಲಿಯವರೆಗೆ ಯಾರ ಹೊಸಿಲನ್ನೂ ತುಳಿಯುವುದಿಲ್ಲ ಎಂದು ಅವಳ ಹಟ. ‘ಒಳಗೆ ನಡೀರಿ’ ಎಂದರೆ ‘ಒಲ್ಲೆ.’ ‘ಮಳೆ ಬರುತ್ತೆ’ ಎಂದರೆ ‘ಒಲ್ಲೆ.’ ಕಟ್ಟಿಕೊಂಡಿದ್ದ ಬಾಯಿ ಅಲ್ಲಿ ಬಿಚ್ಚಿಕೊಂಡಿತು. ಗಂಜಿಗೆ ಉಪ್ಪಿಲ್ಲ, ನಿಮ್ಮ ದೇವರಿಗೆ ಅಂಗಿಯಿಲ್ಲ, ನಿಮ್ಮ ಮತಕ್ಕೆ ಸೇರಿಸೋಕೆ ಅಂತ ನನ್ನ ತಲೆಗೆ ನೀರು ಹಾಕೋಕೆ ಬಂದರೆ ಬೆರಳು ಕಚ್ಚಿಬಿಡುತ್ತೇನೆ ಎಂದು ಬೈಯುತ್ತಾ, ಬೈದ ಬಾಯಲ್ಲೇ ಗಂಜಿ ಉಂಡು ಬಟ್ಟಲು ನೆಕ್ಕಿ ಕೊಡುತ್ತಿದ್ದಳು. ನಿಂಗಾಜಮ್ಮ ಹೋಗಿ ಒಲ್ಲೆವ್ವ ಆದದ್ದು ಹೀಗೆ.

ಆಗ್ನೆಸಮ್ಮನೂ ಹಟದಲ್ಲಿ ಕಡಿಮೆಯವಳಲ್ಲ. ಬಂಡಿಯಲ್ಲಿ ಬಂದದ್ದು ಹೊರಗೆ ಬಿದ್ದಿದ್ದರೆ ನೇಮ ಮುರಿದಂತೆ ಎಂದು ಅವಳಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ಕಲ್ಲಿನ ಮನೆ ಕಟ್ಟುವ ಕಾಲ ಬಂದಾಗ ಜಗಲಿಯನ್ನು ಬಂಡೆಯವರೆಗೆ ತಿರುಗಿಸು ಎಂದು ಮೇಸ್ತ್ರಿಗೆ ಹೇಳಿದಳು. ‘ಸೊಟ್ಟಗಾಗುತ್ತೆ ಅಮ್ಮ, ನನ್ನ ಹೆಸರು ಕೆಡುತ್ತೆ’ ಎಂದ ಮೇಸ್ತ್ರಿ. ‘ಅವಳು ಒಳಗೆ ಬರಲ್ಲ ಅಂದಮೇಲೆ ಮನೆಯೇ ಅವಳ ಹತ್ತಿರ ಹೋಗಬೇಕು’ ಎಂದಳು ಆಗ್ನೆಸಮ್ಮ. ಮಠದವರು ಇದನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾರೆ. ಒಲ್ಲೆವ್ವ ಏನು ಮಾಡಿದಳು ಎಂಬುದನ್ನು ಮಾತ್ರ ಹೇಳುವುದಿಲ್ಲ. ತಲೆಯ ಮೇಲೆ ಹೆಂಚು ಬಂದ ದಿನವೇ ಅವಳು ಬಂಡೆಯ ಅಂಚಿಗೆ ಸರಿದು, ಸೂರಿನ ನೀರು ಸರಿಯಾಗಿ ಎಡಹೆಗಲ ಮೇಲೆ ಬೀಳುವ ಜಾಗ ಹುಡುಕಿ ಕೂತಳು.

ವರ್ಷಗಳು ಉರುಳಿದವು. ಪಟೇಲನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಯಿತು. ಬೆಲ್ಲದ ನೆಂಟ ಈಗ ವಾರಕ್ಕೊಮ್ಮೆ ಬರುವುದು ಬಿಟ್ಟು ಮನೆಯಲ್ಲೇ ಉಳಿದ. ಒಂದು ಮಧ್ಯಾಹ್ನ ಊರಿನಿಂದ ತಿರುಗಿ ಬರುತ್ತಿದ್ದ ಬಂಡಿಯಲ್ಲಿ ಕುಂಬಳಕಾಯಿಗಳ ನಡುವೆ ಒಂದು ಜರಿ ರುಮಾಲು ಒಲ್ಲೆವ್ವನಿಗೆ ಕಾಣಿಸಿತು. ಎಷ್ಟೋ ಕಾಲ ಆ ದಾರಿಯಲ್ಲಿ ಅದೇ ರುಮಾಲನ್ನು ಹುಡುಕಿದ್ದ ಕಣ್ಣು ಅದು, ಗುರುತು ತಪ್ಪಲಿಲ್ಲ. ಬಂದನಲ್ಲ ಎಂದು ಅವಳು ಸೆರಗು ಸರಿಮಾಡಿಕೊಂಡಳು ಎನ್ನುತ್ತಾರೆ. ಬಂಡಿ ಹತ್ತಿರ ಬಂತು. ಅವನು ಬಂದದ್ದಲ್ಲ, ಅವನನ್ನೂ ಹಾಕಿದ್ದು.

‘ಇಳಿಸಿ’ ಎಂದಳು ಆಗ್ನೆಸಮ್ಮ.

‘ನಿಲ್ಲಿ’ ಎಂದಿತು ಬಂಡೆಯ ಮೇಲಿನ ದನಿ. ‘ಅವರನ್ನ ಕೇಳಿದಿರಾ?’

‘ಬಂಡಿಗೆ ಹಾಕಿದ್ದನ್ನ ಒಲ್ಲೆ ಅನ್ನೋ ಹಾಗಿಲ್ಲ ತಾಯಿ. ನಮ್ಮ ನೇಮ.’

‘ಒಲ್ಲೆ ಅನ್ನಬಾರದು ಅನ್ನೋದು ನಿಮಗೆ. ಬಂಡಿ ಮೇಲೆ ಕೂತೋರಿಗೆ ಬಾಯಿಲ್ವಾ? ನನ್ನ ತಂದ ದಿವಸ ಕುಂಬಳಕಾಯಿನೂ ಕೇಳಲಿಲ್ಲ, ನನ್ನೂ ಕೇಳಲಿಲ್ಲ. ನಡೀರಿ ನಡೀರಿ ಅಂದ್ರಿ, ಬತ್ತೀಯಾ ಅಂತ ಒಂದು ದಿನ ಅನ್ನಲಿಲ್ಲ. ಹಾಕ್ದೋರಿಗಿಂತ ನೀವೇನು ಹೆಚ್ಚು?’

ಆಗ್ನೆಸಮ್ಮನ ಚೂಪು ಮೂಗು ಕೆಂಪಾಯಿತು. ಅಷ್ಟು ವರ್ಷ ಸೂರು ಕೊಟ್ಟಿದ್ದಳು, ಗಂಜಿ ಕೊಟ್ಟಿದ್ದಳು, ಬೈಗುಳ ತಿಂದಿದ್ದಳು. ‘ಬರ್ತೀರಾ’ ಎಂಬ ಒಂದು ಮಾತು ಮಾತ್ರ ಅವಳ ಬಾಯಿಗೆ ಬಂದಿರಲಿಲ್ಲ. ಅವಳು ಬಂಡಿಯ ಹತ್ತಿರ ಹೋಗಿ, ಕೈಮುಗಿದು, ‘ಒಳಗೆ ಬರ್ತೀರಾ ಗೌಡರೇ?’ ಎಂದು ಕೇಳಿದಳು.

ಪಟೇಲ ಸೊಟ್ಟ ಬಾಯಿಯಲ್ಲಿ ಉಗುಳು ಸುರಿಸಿಕೊಂಡು ಹೆಂಡತಿಯನ್ನು ನೋಡಿದ. ನೋಡಿ, ಮುಖ ತಿರುಗಿಸಿದ. ‘ಇವಳಿರೋ ಮನೆಗಾ? ಒಲ್ಲೆ.’

ಒಲ್ಲೆವ್ವ ನಕ್ಕುಬಿಟ್ಟಳು. ಬಂಡೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಯಾರ ಒಂದು ಕರೆಗಾಗಿ ಬಿಸಿಲಲ್ಲಿ ಬೆಂದಳೋ, ಮಳೆಯಲ್ಲಿ ನೆನೆದಳೋ, ಆ ಮನುಷ್ಯನಿಗೆ ಕರೆಯುವುದಕ್ಕೆ ಮನೆಯೂ ಇಲ್ಲ, ಮನಸ್ಸೂ ಇಲ್ಲ. ಅವಳು ಮಂಡಿ ಹಿಡಿದುಕೊಂಡು ಎದ್ದು ನಿಂತಳು. ‘ಸಿಸ್ಟರಮ್ಮ, ಈಗ ನನ್ನ ಕೇಳಿ.’

‘ಒಳಗೆ ಬರ್ತೀರಾ, ನಿಂಗಾಜಮ್ಮನವರೇ?’

‘ಬತ್ತೀನಿ. ಇವರು ಒಲ್ಲೆ ಅಂದ ಮನೆ ಒಳ್ಳೇದೇ ಇರಬೇಕು.’

ಹಾಗೆಂದು ಹೊಸಿಲು ದಾಟಿದವಳು ಒಳಗೂ ಸುಮ್ಮನಿರಲಿಲ್ಲ, ಅಡಿಗೆಮನೆಯ ಉಪ್ಪಿನ ಮರಿಗೆಯನ್ನು ಅಂದೇ ವಶಪಡಿಸಿಕೊಂಡಳು. ಪಟೇಲನನ್ನು ಅವನ ಮಾತಿನಂತೆಯೇ ಬಂಡೆಯ ಮೇಲೆ ಕೂರಿಸಿದರು. ಊರ ದಾರಿ ನೋಡಿ ಅವನಿಗೆ ಏನಾಗಬೇಕಿತ್ತು? ಬಾಗಿಲಿಗೆ ಮುಖ ಮಾಡಿ ಕೂತ. ಇನ್ನೊಂದು ಸಲ ಕೇಳಲಿ ಎಂದು ಅವನು ಕಾಯುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಆಗ್ನೆಸಮ್ಮ ಕೇಳಲು ಹೊರಟರೆ ಒಲ್ಲೆವ್ವ ಅಡ್ಡ ನಿಂತು, ಗಂಜಿಯ ಬಟ್ಟಲು ತಾನೇ ಕಸಿದುಕೊಂಡು ಹೋಗುತ್ತಿದ್ದಳು. ಮುಂದೆ ಇಡುವಳು, ಅವನು ಏನಾದರೂ ಅನ್ನಬಹುದೆಂದು ಒಂದು ಗಳಿಗೆ ನಿಲ್ಲುವಳು. ಅವನು ಅನ್ನುತ್ತಿರಲಿಲ್ಲ, ಅವಳು ಕೇಳುತ್ತಿರಲಿಲ್ಲ. ಕೊನೆಗೆ ಒಂದು ಹಬ್ಬದ ದಿನ ಕ್ಷಮಿಸಿ ಕೈಹಿಡಿದು ಒಳಗೆ ಕರೆದುಕೊಂಡಳು ಎಂದು ಮಠದವರು ಹೇಳುತ್ತಾರೆ. ಅವರು ಹೇಳಬೇಕಾದದ್ದೇ ಅದು. ಊರವರು ಹೇಳುವುದು ಬೇರೆ: ಗಂಜಿಗೆ ಒಂದು ದಿನವೂ ಉಪ್ಪು ಕಡಿಮೆಯಾಗಲಿಲ್ಲ, ಪಟೇಲ ಸತ್ತದ್ದು ಮಾತ್ರ ಆ ಸೊಟ್ಟ ಸೂರಿನ ಕೆಳಗೆ, ಬಂಡೆಯ ಮೇಲೆಯೇ.

ಅರಿಶಿನ, ಮೇಣ ಕೆರೆದು ನೋಡಿದರೆ ಬಂಡೆಯಲ್ಲಿ ಕೂತು ಕೂತು ನುಣುಪಾದ ಎರಡು ತಗ್ಗು ಈಗಲೂ ಕಾಣುತ್ತವೆ. ಆಳವಾದದ್ದು ಊರಿನ ಕಡೆಗೆ, ಇನ್ನೊಂದು ಬಾಗಿಲ ಕಡೆಗೆ, ಒಂದಕ್ಕೊಂದು ಬೆನ್ನು. ಎತ್ತಿನ ಬಂಡಿ ಹೋಗಿ ವ್ಯಾನು ಬಂದಿದೆ. ಮಗ ಬಿಟ್ಟುಹೋದವರು, ಪೊಲೀಸರು ಒಪ್ಪಿಸಿದವರು ಅದರಲ್ಲಿ ಬರುತ್ತಾರೆ. ವ್ಯಾನು ಬಂಡೆಯ ಪಕ್ಕ ನಿಲ್ಲುತ್ತದೆ. ಒಬ್ಬ ಸಿಸ್ಟರು ಬಂದು ‘ಒಳಗೆ ಬರ್ತೀರಾ?’ ಎಂದು ಕೇಳುವವರೆಗೆ ಯಾರೂ ಯಾರ ರಟ್ಟೆಗೂ ಕೈಹಾಕುವುದಿಲ್ಲ. ಒಲ್ಲೆ ಎಂದವರನ್ನು ಬಂಡೆಯ ಮೇಲೆ ಕೂರಿಸಿ, ಗಂಜಿ ಕೊಟ್ಟು, ಮರುದಿನ ಮತ್ತೆ ಕೇಳುತ್ತಾರೆ. ಕೈಮುಗಿಯಲು ಹೋದವರು ಸ್ವಲ್ಪ ದೂರದಲ್ಲೇ ನಿಲ್ಲಬೇಕು. ಬಂಡೆ ಖಾಲಿ ಇರುವುದು ಅಪರೂಪ.