ಒಂಟಿ ಹೊಲಿಗೆ

"ಗುರುಗಳೇ, ಬೆಳಗಿನಿಂದ ನಾನೂ ನನ್ನ ಜೊತೆಯವನೂ ಕಿತ್ತಾಡುತ್ತಿದ್ದೇವೆ," ಎಂದ ಶಿಷ್ಯ. "ಅಲೆಕ್ಸಾಂಡರನ ಬಗ್ಗೆ ಅವನ ಪುಸ್ತಕ ಒಂದು ಹೇಳುತ್ತದೆ, ನನ್ನದು ಇನ್ನೊಂದು. ಎರಡನ್ನೂ ಬರೆದವರು ಆ ರಾಜ ಸತ್ತು ನೂರಾರು ವರ್ಷವಾದ ಮೇಲೆ ಹುಟ್ಟಿದವರು. ಯಾರ ಮಾತು ನಂಬಬೇಕು?"

"ಕಿತ್ತಾಡಿ ಹಸಿವಾಗಿರಬೇಕು. ಊಟದ ಹೊತ್ತಾಗುವ ತನಕ ಒಂದು ಕತೆ ಕೇಳು," ಎಂದು ಗುರುಗಳು ಶುರುಮಾಡಿದರು.

ಆ ರಾಜನ ದಂಡಿನಲ್ಲಿ ಒಬ್ಬ ತೊಗಲು ಹೊಲಿಯುವವನಿದ್ದ. ದೊಡ್ಡ ಹೊಳೆ ಅಡ್ಡ ಬಂದಾಗ ಡೇರೆಯ ತೊಗಲುಗಳನ್ನು ಬಿಚ್ಚಿ, ಒಣಹುಲ್ಲು ತುಂಬಿ, ನೀರು ನುಗ್ಗದಂತೆ ಜೋಡಿ ಹೊಲಿಗೆ ಹಾಕುವುದು ಅವನ ಕೆಲಸ. ಸಿಪಾಯಿಗಳು ಅದನ್ನು ತಬ್ಬಿ ಹಿಡಿದು ತೇಲುತ್ತ ದಾಟುತ್ತಿದ್ದರು.

ರಾಜ ಸತ್ತ. ಆಸ್ಥಾನದ ಬರಹಗಾರನೊಬ್ಬ ಅವನ ಚರಿತ್ರೆ ಬರೆದ. ಹಳೆಯ ಸಿಪಾಯಿಗಳನ್ನೆಲ್ಲ ಹಿಂದೆ ದಂಡು ದಾಟಿದ್ದ ಒಂದು ಹೊಳೆಯ ದಡಕ್ಕೆ ಕರೆಸಿದ. ತಾನು ಓದುವುದು ನಿಜವೆಂದು ಹಸಿಮಣ್ಣಿನ ಬಿಲ್ಲೆಯ ಮೇಲೆ ಹೆಬ್ಬೆರಳು ಒತ್ತಿದವನಿಗೆ ಒಂದು ತುಂಡು ಹೊಲ ಎಂದು ಸಾರಿದ. ಬರಹಗಾರ ಸುರುಳಿ ಬಿಚ್ಚಿ ಓದಿದ: 'ಪ್ರಭುವನ್ನು ಕಂಡು ಈ ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟಿತು. ಒಬ್ಬನ ಪಾದವೂ ನೆನೆಯಲಿಲ್ಲ.'

ಮುಂದಿದ್ದವರು ಒತ್ತಿದರು. ಹೊಲಿಯುವವನ ಸರದಿ ಬಂತು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

'ಅವತ್ತು ನನ್ನ ತಮ್ಮ ಇಲ್ಲೇ ಮುಳುಗಿ ಸತ್ತ, ಸ್ವಾಮಿ. ನಿಮ್ಮ ಸುರುಳಿಯಲ್ಲಿ ಅವನೆಲ್ಲಿ?'

'ಹೊಳೆಯೇ ದಾರಿ ಬಿಟ್ಟ ಮೇಲೆ ಮುಳುಗುವುದು ಎಲ್ಲಿಂದ ಬಂತು? ಅವತ್ತಿನಿಂದ ಕಾಣದವರನ್ನು ದಂಡು ಬಿಟ್ಟು ಓಡಿಹೋದವರು ಅಂತ ಬರೆದಿದ್ದೇನೆ.'

'ಅವನು ಓಡಲಿಲ್ಲ. ಅವನ ತೊಗಲು ಹೊಲಿದವನು ನಾನು. ಎಲ್ಲರದ್ದೂ ಮುಗಿಸಿ ಕೊನೆಗೆ ಅವನದಕ್ಕೆ ಕೈ ಹಾಕಿದೆ. ಬೆರಳು ಸೋತಿತ್ತು. ತಮ್ಮನದಲ್ಲವೇ, ಬೈಯುವುದಿಲ್ಲ ಅಂತ ಒಂಟಿ ಹೊಲಿಗೆ ಹಾಕಿದೆ. ನಡುನೀರಿನಲ್ಲಿ ಬಿಟ್ಟುಹೋಯಿತು. ಹಾಗೇ ಬರೆಯಿರಿ.'

ಬರಹಗಾರ ದನಿ ತಗ್ಗಿಸಿದ. 'ಹುಚ್ಚಪ್ಪ, ನನ್ನ ಪುಸ್ತಕದಲ್ಲಿ ನಿನ್ನ ತಪ್ಪೇ ಇಲ್ಲವಲ್ಲೋ. ಸುಮ್ಮನೆ ಒತ್ತಿ ಹೊಲ ತಗೋ.'

'ತಪ್ಪು ನನ್ನದು, ನನ್ನ ಹತ್ತಿರವೇ ಇರಲಿ. ಅದನ್ನು ಅಳಿಸಬೇಕಾದರೆ ಅವನನ್ನು ಹೇಡಿ ಮಾಡಬೇಕು. ಮಾಡುವುದಿಲ್ಲ. ಹೊಳೆ ಇಲ್ಲೇ ಇದೆಯಲ್ಲ, ಬರೆದದ್ದನ್ನು ಅದಕ್ಕೂ ಒಂದು ಸಲ ಓದಿ ಹೇಳಿ. ಪಾದ ನೆನೆಯದೆ ಆಚೆ ದಡಕ್ಕೆ ಹೋಗಿ ಬನ್ನಿ, ಹತ್ತು ಬೆರಳೂ ಒತ್ತುತ್ತೇನೆ. ನೆನೆಯುವ ಹಾಗಿದ್ದರೆ ಮೊದಲೇ ಹೇಳಿ, ನಿಮಗೊಂದು ತೊಗಲು ಹೊಲಿದು ಕೊಡುತ್ತೇನೆ. ಜೋಡಿ ಹೊಲಿಗೆಯೇ ಹಾಕುತ್ತೇನೆ, ಹೆದರಬೇಡಿ.'

ಸಾಲಿನಲ್ಲಿ ಯಾರೋ ನಕ್ಕರು. ಬರಹಗಾರ ನೀರಿನ ಕಡೆ ನೋಡಿದ. ಆಮೇಲೆ ಕಾಲನ್ನು ಹಿಂದೆಳೆದುಕೊಂಡು, ಹೊಲ ಪಡೆಯುವವರ ಪಟ್ಟಿಯಿಂದ ಹೊಲಿಯುವವನ ಹೆಸರನ್ನು ಹೊಡೆದುಹಾಕಿದ.

ಹೊಲಿಯುವವನು ದಡದಲ್ಲಿ ನಿಂತು ತಮ್ಮನ ಹೆಸರನ್ನು ಮೂರು ಸಲ ಗಟ್ಟಿಯಾಗಿ ಕೂಗಿದ. ಬರಿಗೈಯಲ್ಲಿ ಹೊರಟುಹೋದ. ಅವನ ಹಿಂದೆ ಸರದಿ ಕಾಯುತ್ತಿದ್ದ ಇಬ್ಬರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹತ್ತಿರ ಸರಿದು ಕೇಳಿದ: "ಅದಿರಲಿ ಗುರುಗಳೇ, ರಾಜ ಆ ಹೊಳೆ ದಾಟಿದ್ದು ಸರಿಯಾಗಿ ಯಾವ ಜಾಗದಲ್ಲಿ? ಅದೊಂದು ಗೊತ್ತಾದರೆ ಸಾಕು, ನನ್ನ ಜೊತೆಯವನ ಬಾಯಿ ಮುಚ್ಚಿಸುತ್ತೇನೆ."

"ರಾಜ ದಾಟಿದ ಜಾಗ ಕೇಳಿದೆ ಮರಿ, ಆ ಹೊಲಿಯುವವನು ಮೂರು ಸಲ ಕೂಗಿದ ಹೆಸರು ಯಾವುದೆಂದು ಬರಹಗಾರನ ಹಾಗೆ ನೀನೂ ಕೇಳಲಿಲ್ಲ."