ಕಿರುಚದ ಬ್ರೇಕು

“ಬುದ್ಧಿ, ಈ ಅಂಜಿಕೆಯನ್ನು ಬುಡಸಮೇತ ಕಿತ್ತುಹಾಕುವುದು ಹೇಗೆ?” ಎಂದು ಸಿದ್ಧಮಲ್ಲ ಗುರುಗಳನ್ನು ಕೇಳಿದ. ಮಠದ ಹಾಸ್ಟೆಲಿನ ಮಕ್ಕಳ ಹೊಣೆ ಮರುದಿನದಿಂದ ಅವನದು. ಯಾವ ಮಗು ಜ್ವರ ಬಂದು ಮಲಗೀತೋ, ಯಾವುದು ಕೆರೆಗೆ ಇಳಿದೀತೋ ಎಂದು ನೆನೆದು ನೆನೆದು ಅವನಿಗೆ ಊಟ ಸೇರುತ್ತಿರಲಿಲ್ಲ.

ಗುರುಗಳು ಒಂದು ಕಾರಿನ ಕತೆ ಹೇಳಿದರು. ಅವರಿಗೆ ಕಾರಿನ ಸಂಗತಿ ಹೇಗೆ ಗೊತ್ತೆಂದು ಕೇಳಬೇಡಿ. ಮಠಕ್ಕೆ ಬರುವ ಭಕ್ತರು ಹಣ್ಣು-ಕಾಯಿ ಮಾತ್ರ ತರುವುದಿಲ್ಲ, ತಮ್ಮ ಹುಚ್ಚುಗಳನ್ನೂ ತರುತ್ತಾರೆ.

ಒಬ್ಬ ಜವಳಿ ವ್ಯಾಪಾರಿ ಇದ್ದ. ಭಾನುವಾರ ಬಂತೆಂದರೆ ಅವನಿಗೆ ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸುವ ಹುಚ್ಚು. ಟ್ರ್ಯಾಕಿಗೆಂದೇ ಮಾಡಿದ ಗಟ್ಟಿ ಬ್ರೇಕ್ ಪ್ಯಾಡುಗಳನ್ನು ಹಾಕಿಸಿದ್ದ. ಅವು ಎಷ್ಟು ಕಾದರೂ ಚಕ್ರವನ್ನು ಬಿಡದೆ ಹಿಡಿಯುತ್ತಿದ್ದವು. ಊರೊಳಗೆ ತಣ್ಣಗಿದ್ದಾಗ ಮಾತ್ರ ಕಿರ್ರೆಂದು ಕಿರುಚುವುದು ಅವುಗಳ ಗುಣ. ಕಿರುಚಿದಾಗಲೆಲ್ಲ ವ್ಯಾಪಾರಿಯ ಎದೆ ಧಸಕ್ಕೆನ್ನುವುದು. ಏನೋ ಕೆಟ್ಟಿದೆ, ಇಂದಲ್ಲ ನಾಳೆ ಕೈಕೊಡುತ್ತದೆ ಎಂಬ ಚಿಂತೆ ಅವನನ್ನು ಅಂಗಡಿಯಲ್ಲಿ ಕೂತಾಗಲೂ ಬಿಡಲಿಲ್ಲ. ದೃಷ್ಟಿ ತಗುಲಿದೆಯೆಂದು ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು ಕಾರು ಹತ್ತಿಸಿದ. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಸದ್ದು ಹೋಗಲಿಲ್ಲ. ಅಲುಗಾಟದಿಂದ ಹಾಗಾಗುತ್ತದೆಂದು ಯಾರೋ ಅಂದರು. ಸಸ್ಪೆನ್ಷನ್ನನ್ನೇ ಬದಲಿಸಿ ಬಿಗಿಯಾದ ಸ್ಪ್ರಿಂಗ್ ಹಾಕಿಸಿದ. ಕಾರು ತಿರುವಿನಲ್ಲಿ ವಾಲುವುದು ನಿಂತಿತು. ಕಿರುಚುವುದು ನಿಲ್ಲಲಿಲ್ಲ.

ಕಡೆಗೆ ಗ್ಯಾರೇಜಿಗೆ ಹೋಗಿ, “ನಂಗೆ ಈ ಸದ್ದು ಕೇಳಿಸಬಾರದು, ಅಷ್ಟೆ,” ಎಂದ.

“ಊರಲ್ಲಿ ಓಡ್ಸೋ ಮೆತ್ತನೆ ಪ್ಯಾಡ್ ಹಾಕ್ಬಿಡ್ತೀನಿ ಸಾರ್. ಬೆಣ್ಣೆ ಥರ ನಿಲ್ಲುತ್ತೆ ನೋಡಿ,” ಎಂದ ಗ್ಯಾರೇಜಿನವನು. ಟ್ರ್ಯಾಕಿನ ಮಾತನ್ನು ಇವನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಆ ವಾರವೆಲ್ಲ ವ್ಯಾಪಾರಿ ಸುಖವಾಗಿ ನಿದ್ದೆ ಮಾಡಿದ. ಭಾನುವಾರ ಹೆಂಡತಿಯ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟ್ರ್ಯಾಕಿಗೆ ಇಳಿದ. ಕಾರು ವಾಲುತ್ತಿಲ್ಲ, ಸದ್ದೂ ಇಲ್ಲ. ಅಂಜುವುದಕ್ಕೆ ಕಾರಣವೇ ಕಾಣದೆ ಸುತ್ತಿನಿಂದ ಸುತ್ತಿಗೆ ವೇಗ ಏರಿಸಿದ. ಮೆತ್ತನೆಯ ಪ್ಯಾಡುಗಳು ಕಾದು ಹಿಡಿತ ಕಳೆದುಕೊಂಡವು. ಒಂದು ತಿರುವಿನಲ್ಲಿ ಪೆಡಲನ್ನು ಇದ್ದಬದ್ದ ಬಲವೆಲ್ಲ ಹಾಕಿ ಒತ್ತಿದ. ಕಾರು ನಿಲ್ಲಲೂ ಇಲ್ಲ, ಕಿರುಚಲೂ ಇಲ್ಲ. ಸುಮ್ಮನೆ ಹೋಗಿ ಗೋಡೆಗೆ ಬಡಿಯಿತು. ವ್ಯಾಪಾರಿ ತರಚುಗಾಯದಲ್ಲಿ ಪಾರಾದ. ಭಾವಮೈದ ಇವತ್ತಿಗೂ ಊರುಗೋಲು ಹಿಡಿದು ನಡೆಯುತ್ತಾನೆ.

ಕತೆಯೆಂದು ಗೊತ್ತಿದ್ದರೂ ಸಿದ್ಧಮಲ್ಲನಿಗೆ ಸಂಕಟವಾಯಿತು. “ಪಕ್ಕದಲ್ಲಿ ಕೂತಿದ್ದವನು ಏನು ತಪ್ಪು ಮಾಡಿದ್ದ ಬುದ್ಧಿ?” ಎಂದ.

ಗುರುಗಳು ಅವನ ಮುಖ ನೋಡಿದರು. “ನಾಳೆಯಿಂದ ಆ ಮಕ್ಕಳೆಲ್ಲ ನಿನ್ನ ಪಕ್ಕದಲ್ಲಿ ಕೂರುತ್ತಾರೆ, ಅಂಜಿಕೆಯನ್ನು ತೆಗೆದುಬಿಡಲೇ, ಹೇಳು.”